ಅರಿಷ್ಟಕ್ಕೆ ಹೆಂಡದ ಲೈಸೆನ್ಸು

ಅಬಕಾರಿ ಕೇಸು ನಡೆಸುವ ವಕೀಲರು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಬೆಳಿಗ್ಗೆ ಆಫೀಸಿನ ಬಾಗಿಲು ತೆಗೆದರೆ ಸಾಕು, ಅದೇ ಚಪ್ಪಲಿ ಬಿಟ್ಟು ಒಳಗೆ ಬಂದು ಕೂರುತ್ತದೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಲಾ ಮುಗಿಸಿ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಒಬ್ಬರು ಹಿರಿಯ ವಕೀಲರ ಹತ್ತಿರ ಜೂನಿಯರ್ ಆಗಿ ಸೇರಿದೆ. ಮಹಡಿಯ ಮೇಲಿನ ಒಂದೇ ಕೋಣೆ. ಮೇಲೆ ನಿಧಾನವಾಗಿ ಸುತ್ತುವ ಫ್ಯಾನು, ಕೆಳಗೆ ಸಿಟಿ ಬಸ್ಸುಗಳ ಕಂಡಕ್ಟರುಗಳ ಕೂಗು. ಸೀನಿಯರ್ ಹಿಡಿಯುತ್ತಿದ್ದದ್ದು ಹೆಚ್ಚಾಗಿ ಮದ್ಯ ತಯಾರಿಕೆಯ ಲೈಸೆನ್ಸಿನ ತಕರಾರುಗಳನ್ನು. ಲೈಸೆನ್ಸು ಕೊಡಲಿಲ್ಲ ಅಂತ ಒಬ್ಬ, ಕೊಟ್ಟದ್ದನ್ನು ಕಿತ್ತುಕೊಂಡರು ಅಂತ ಇನ್ನೊಬ್ಬ. "ಹೆಣ್ಣುಮಗಳು, ಈ ಫೈಲು ಮುಟ್ತೀಯಾ?" ಅಂತ ಮೊದಲ ದಿನವೇ ಕೇಳಿದರು. "ಫೈಲು ವಾಸನೆ ಬರಲ್ಲವಲ್ಲ ಸಾರ್" ಅಂದೆ. "ಸರಿ ಮಾರಾಯ್ತಿ, ಕೂತ್ಕೋ" ಅಂದರು.

ಈಗ ನೆನಪಿಸಿಕೊಂಡರೆ ಆ ವರ್ಷಗಳೆಲ್ಲ ಒಂದೇ ಉದ್ದನೆಯ ಮಧ್ಯಾಹ್ನದ ಹಾಗೆ ಕಾಣುತ್ತವೆ. ಊಟವಾಗಿದೆ, ಕಣ್ಣು ಎಳೆಯುತ್ತಿದೆ, ಯಾರೋ ಮೆಟ್ಟಿಲು ಹತ್ತಿ ಬರುತ್ತಿದ್ದಾರೆ. ಹಾಗೆ ಹತ್ತಿ ಬಂದವರಲ್ಲಿ ಭದ್ರಾವತಿಯ ಪಂಡಿತರನ್ನು ಮಾತ್ರ ನಾನು ಇವತ್ತಿಗೂ ಮರೆತಿಲ್ಲ.

ನಿಂತೇ ಇದ್ದ ಕಕ್ಷಿದಾರ

ಬಿಳಿ ಪಂಚೆ, ಹೆಗಲ ಮೇಲೆ ಶಾಲು, ಹಣೆಯಲ್ಲಿ ವಿಭೂತಿ. ಕೈಯಲ್ಲಿ ಮಡಚಿದ ಛತ್ರಿ. ಭದ್ರಾವತಿ ಓಲ್ಡ್ ಟೌನಿನಿಂದ ಬಸ್ಸಿನಲ್ಲಿ ಬಂದಿದ್ದರು. ಬಂದವರು ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಕೂತ್ಕೊಳ್ಳಿ ಪಂಡಿತ್ರೇ" ಅಂದೆ.

"ಬೇಡಮ್ಮ. ನಾಲ್ಕು ಜನರ ಎದುರು ಕೂರೋ ಯೋಗ್ಯತೆ ನನಗೆ ಉಳಿದಿಲ್ಲ. ನನ್ನ ಮೇಲೆ ಹೆಂಡದ ಕೇಸು ಆಗಿದೆ."

ಸೀನಿಯರ್ ಆಗ ಯಾವುದೋ ಕಾಗದ ಓದುತ್ತಿದ್ದರು. ಅವರಿಗೆ ಅಭ್ಯಾಸಬಲ. ತಲೆ ಎತ್ತದೆ ಕೇಳಿದರು:

"ಎಷ್ಟು ಕುಡಿದಿದ್ರಿ?"

"ನಾನು ಕಾಫಿನೂ ಕುಡಿಯಲ್ಲ."

"ಗಾಡೀಲಿ ಸಾಗಿಸ್ತಿದ್ರಾ?"

"ನನ್ನ ಹತ್ರ ಸೈಕಲ್ಲೂ ಇಲ್ಲ."

"ಮಾರ್ತಿದ್ರಾ ಹಾಗಾದ್ರೆ?"

"ಔಷಧಿ ಅಂತ ಮಾರ್ತೀನಿ."

"ಔಷಧಿ ಅಂತಲೇ ಅಲ್ವಾ ಸ್ವಾಮಿ ಎಲ್ಲರೂ ಮಾರೋದು" ಅಂತ ಸೀನಿಯರ್ ತಲೆ ಎತ್ತಿದರು. ಎತ್ತಿದವರು ವಿಭೂತಿ ನೋಡಿ ಕನ್ನಡಕ ತೆಗೆದರು. ಎದ್ದು ನಿಂತರು. ಅವರು ನಿಂತದ್ದಕ್ಕೆ ನಾನೂ ನಿಂತೆ. ಮೂವರೂ ನಿಂತ ಮೇಲೆ ಪಂಡಿತರು ಕೂತರು.

ವಿಷಯ ಇಷ್ಟು. ಪಂಡಿತರದು ತಲೆತಲಾಂತರದಿಂದ ಆಯುರ್ವೇದ ಔಷಧಿ ಮಾಡುವ ಮನೆತನ. ದ್ರಾಕ್ಷಿ, ಬೆಲ್ಲ, ಯಾವುದೋ ಹೂವು, ಬೇರು ಎಲ್ಲ ಹಾಕಿ ದೊಡ್ಡ ಭರಣಿಗಳಲ್ಲಿ ಬಾಯಿ ಕಟ್ಟಿ ಇಡುತ್ತಾರೆ. ಅದು ಒಳಗೆ ಹುದುಗಿ ಅರಿಷ್ಟವಾಗುತ್ತದೆ. ಹೊಟ್ಟೆ ನೋವು, ಅಜೀರ್ಣ, ಬಾಣಂತಿಯರ ನಿಶ್ಶಕ್ತಿ, ಎಲ್ಲದಕ್ಕೂ ಎರಡು ಚಮಚ. ಹುದುಗುವಾಗ ಅದರೊಳಗೆ ತಾನಾಗಿ ಸ್ವಲ್ಪ ಮದ್ಯಸಾರ ಹುಟ್ಟಿಕೊಳ್ಳುತ್ತದೆ. ಅದನ್ನೇ ಹಿಡಿದು ಅಬಕಾರಿ ಇಲಾಖೆಯವರು ನೋಟೀಸು ಕೊಟ್ಟಿದ್ದರು: ನೀವು ಲೈಸೆನ್ಸಿಲ್ಲದೆ ಮದ್ಯ ತಯಾರಿಸುತ್ತಿದ್ದೀರಿ, ಸರಿಯಾದ ಉತ್ತರ ಕೊಡದಿದ್ದರೆ ಭರಣಿಗಳನ್ನೆಲ್ಲ ಒಡೆದುಹಾಕುತ್ತೇವೆ.

"ನಮ್ಮಜ್ಜ ಕೈಯಾರೆ ಆರಿಸಿ ತಂದ ಭರಣಿಗಳು ಅವು" ಅಂದರು ಪಂಡಿತರು. "ಅವನ್ನು ಒಡೆದ್ರೆ ನಾನು ಆ ಮನೇಲಿ ಹೇಗೆ ಇರ್ಲಿ? ಯಾರಿಗೂ ಕೆಟ್ಟದ್ದು ಮಾಡ್ದೋನಲ್ಲ ನಾನು. ಇಂಥ ಗ್ರಹಚಾರ ನನಗ್ಯಾಕೆ ಬಂತು?"

ಸೀನಿಯರ್ ನೋಟೀಸು ಮಡಚಿ ಇಟ್ಟು ಮೃದುವಾಗಿ ಹೇಳಿದರು: "ಮನೆ ತುಂಬ ಅರಿಷ್ಟ ಮಾಡಿಟ್ಕೊಂಡು ಯಾಕೆ ಬಂತು ಅಂತೀರಲ್ಲ ಪಂಡಿತ್ರೇ!"

ತನ್ನ ಮೇಲೆ ತನ್ನದೇ ಆಕ್ಷೇಪಣೆ

ಮೊದಲ ವಿಚಾರಣೆ ಶಿವಮೊಗ್ಗದ ಅಬಕಾರಿ ಕಚೇರಿಯಲ್ಲಿ. ವಿಚಾರಣೆ ಮಾಡುವ ಸಾಹೇಬರು ಒಳ್ಳೆಯ ಮನುಷ್ಯ, ಜಗಳ ಬೇಡದವರು. ಅವರ ಮೇಜಿನ ಮೇಲೆ ಕಾಗದಕ್ಕಿಂತ ಹೆಚ್ಚಾಗಿ ಬಿಸಿಲು ಬಿದ್ದಿರುತ್ತಿತ್ತು. ಕಿಟಕಿಯ ಆಚೆ ಮರದ ಎಲೆ ಅಲ್ಲಾಡಿದರೆ ಆ ಬಿಸಿಲೂ ಅಲ್ಲಾಡುತ್ತಿತ್ತು, ಅವರು ಅದನ್ನೇ ನೋಡುತ್ತ ಕೂತಿರುತ್ತಿದ್ದರು.

"ನೋಡಿ, ಸುಲಭದ ದಾರಿ ಒಂದಿದೆ" ಅಂದರು. "ಇವರೂ ಒಂದು ಮದ್ಯ ತಯಾರಿಕಾ ಲೈಸೆನ್ಸಿಗೆ ಅರ್ಜಿ ಹಾಕ್ಲಿ. ನಾನು ಕೊಡಿಸ್ತೀನಿ. ಕೇಸು ಬಿದ್ದುಹೋಗುತ್ತೆ. ಅವರ ಪಾಡಿಗೆ ಅವರು ಔಷಧಿ ಮಾಡ್ಕೊಂಡು ಇರ್ಲಿ."

ಸೀನಿಯರ್‌ಗೆ ಇದು ಹಿಡಿಸಿತು. ಪಂಡಿತರು ಬಾಯಿ ತೆರೆಯುವಷ್ಟರಲ್ಲಿ ಅವರ ತೊಡೆ ಮುಟ್ಟಿ ಸುಮ್ಮನಿರಿಸಿದರು.

"ಆದ್ರೆ ಒಂದು ಸಣ್ಣ ತೊಂದರೆ" ಅಂದರು ಸಾಹೇಬರು. "ಇವರ ಮನೆ ಪಕ್ಕದಲ್ಲೇ ಈಶ್ವರ ದೇವಸ್ಥಾನ ಇದೆಯಂತೆ. ದೇವಸ್ಥಾನದ ಪಕ್ಕ ಮದ್ಯ ಮಾಡೋ ಹಾಗಿಲ್ಲ. ಧರ್ಮದರ್ಶಿಗಳು ನಮ್ಮ ಅಭ್ಯಂತರ ಏನೂ ಇಲ್ಲ ಅಂತ ಬರೆದುಕೊಟ್ರೆ ಸರ್ಕಾರಕ್ಕೆ ಶಿಫಾರಸು ಮಾಡಬಹುದು. ಯಾರು ಧರ್ಮದರ್ಶಿ?"

"ನಾನೇ" ಅಂದರು ಪಂಡಿತರು.

ಸಾಹೇಬರ ಮುಖ ಅರಳಿತು. "ಆಹಾ! ಹಾಗಾದ್ರೆ ಕಷ್ಟವೇ ಇಲ್ಲ. ಇಲ್ಲೇ ಬರೆದುಕೊಟ್ಬಿಡಿ."

"ಕೊಡಲ್ಲ."

"ಯಾಕ್ರೀ?"

"ದೇವಸ್ಥಾನದ ಪಕ್ಕ ಯಾವನೋ ಹೆಂಡ ಮಾಡ್ತೀನಿ ಅಂತ ಬಂದ್ರೆ ಧರ್ಮದರ್ಶಿ ಆದವನು ಹೂಂ ಅಂತಾನಾ?"

"ಯಾವನೋ ಅಲ್ಲ ಪಂಡಿತ್ರೇ, ಅದು ನೀವೇ!"

"ನಾನೇ ಆದ್ರೇನು? ತಪ್ಪು ತಪ್ಪೇ. ಅಂಥವನನ್ನು ದೇವಸ್ಥಾನದ ಮೆಟ್ಟಿಲು ಹತ್ತಿಸಲ್ಲ ನಾನು."

ಸಾಹೇಬರು ನಮ್ಮ ಸೀನಿಯರ್ ಕಡೆ ನೋಡಿದರು. ಸೀನಿಯರ್ ಕಿಟಕಿಯ ಕಡೆ ನೋಡಿದರು. ಕೊನೆಗೆ ಸಾಹೇಬರು ಬೇಸರದಿಂದ ಗುಮಾಸ್ತರಿಗೆ ಹೇಳಿದರು: "ಬರ್ಕೊಳ್ರಿ. ಅರ್ಜಿದಾರರ ಮೇಲೆ ಅರ್ಜಿದಾರರಿಗೇ ಬಲವಾದ ಆಕ್ಷೇಪಣೆ ಇದೆ."

ಊಟವಾದ ಮೇಲಿನ ಕನಸು

ಆದರೂ ಸೀನಿಯರ್ ಬಿಡಲಿಲ್ಲ. ಲೈಸೆನ್ಸಿನ ಅರ್ಜಿ ಒಂದನ್ನು ನನ್ನ ಕೈಯಲ್ಲಿ ಕೊಟ್ಟು, "ಅವರ ಮನೆಗೆ ಹೋಗಿ ನಿಧಾನವಾಗಿ ಒಪ್ಪಿಸು, ನಿನ್ನ ಮಾತಿಗೆ ಒಪ್ಪಬಹುದು" ಅಂತ ಭದ್ರಾವತಿಗೆ ಕಳಿಸಿದರು.

ಪಂಡಿತರ ಹೆಂಡತಿ ಗಟ್ಟಿಗಿತ್ತಿ. ಬಾಗಿಲಲ್ಲೇ, "ಬಾರಮ್ಮ, ಹೆಂಡದಂಗಡಿಯವರ ಮನೆಗೆ" ಅಂತ ಕರೆದರು. ಊಟ ಬಡಿಸಿ, ಆಮೇಲೆ ಮಜ್ಜಿಗೆ ಕೊಟ್ಟರು. ಪಂಡಿತರು ಜಗಲಿಯ ಮೇಲೆ ಅರ್ಜಿ ಹಿಡಿದು ಓದುತ್ತ ಕೂತರು. ತಯಾರಿಸುವ ಮದ್ಯದ ಬಗೆ, ಹೆಸರು, ಲೇಬಲ್ಲಿನ ನಮೂನೆ ಅಂತೆಲ್ಲ ಅದರಲ್ಲಿ ಕೇಳಿದ್ದರು. ಒಂದೊಂದು ಸಾಲು ಓದಿದಾಗಲೂ "ಶಿವಶಿವಾ" ಅನ್ನುತ್ತಿದ್ದರು. ಹೊರಗೆ ಬಿಸಿಲು ಬೆಳ್ಳಗೆ ಉರಿಯುತ್ತಿತ್ತು. ಒಳಕೋಣೆಯಿಂದ ಬೆಲ್ಲ, ಹೂವು, ಹಳೆಯ ಮರ ಎಲ್ಲ ಸೇರಿದಂಥ ಒಂದು ಪರಿಮಳ ತೇಲಿಬರುತ್ತಿತ್ತು. ಆ ಮನೆಯಲ್ಲಿ ಕೂತರೆ ಕೆಲಸದ ನೆನಪೇ ಹೋಗುತ್ತದೆ. ಶಿವಶಿವಾ ಅನ್ನುವುದು ನಿಂತಾಗ ನೋಡಿದೆ, ಪಂಡಿತರು ಅರ್ಜಿಯನ್ನು ಎದೆಯ ಮೇಲೆ ಹೊದ್ದುಕೊಂಡು ನಿದ್ದೆಹೋಗಿದ್ದರು.

ಸ್ವಲ್ಪ ಹೊತ್ತಿಗೆ ಬೆಚ್ಚಿ ಎದ್ದು ಕೂತರು. ಮೈಯೆಲ್ಲ ಬೆವರು.

"ಏನಾಯ್ತು?" ಅಂತ ಹೆಂಡತಿ ಓಡಿಬಂದರು.

"ಕನಸು ಕಣೇ. ಅಪ್ಪನ ಶ್ರಾದ್ಧ. ಎಲೆ ಹಾಕಿದೆ. ಅಪ್ಪ, ಅಜ್ಜ, ಮುತ್ತಜ್ಜ ಮೂವರೂ ಬಂದು ಸಾಲಾಗಿ ಕೂತ್ರು. ನಾನು ಪಾಯಸ ಬಡಿಸೋಕೆ ಹೋದೆ. ಅಪ್ಪ ಕೈ ಅಡ್ಡ ಹಿಡಿದು, 'ಏನು ಹೆಸರಿಟ್ಟೆಯೋ?' ಅಂದ್ರು."

"ಯಾವುದಕ್ಕೆ?"

"ಬ್ರಾಂಡಿಗೆ!"

ನನಗೆ ನಗು ತಡೆಯಲಾಗದೆ ಮಜ್ಜಿಗೆಯ ಲೋಟ ಮುಖಕ್ಕೆ ಅಡ್ಡ ಹಿಡಿದೆ. ಪಂಡಿತರು ಮುಂದುವರಿಸಿದರು: "ಇನ್ನೂ ಹೆಸರಿಟ್ಟಿಲ್ಲ ಅಂದೆ. ಅಪ್ಪ ತಲೆ ತಗ್ಗಿಸಿದ್ರು. ಅವರ ಪಕ್ಕ ಅಜ್ಜ ಕೂತಿದ್ರಲ್ಲ, ನಿನಗೆ ಗೊತ್ತಲ್ಲ, ಎಂಥ ಮಡಿಯ ಮನುಷ್ಯ..."

"ಬೈದ್ರಾ?"

"ಬೈದಿದ್ರೆ ಪರವಾಗಿರ್ಲಿಲ್ಲ. 'ಹೆಸರು ಆಮೇಲೆ ಇಟ್ಕೋ, ಮೊದ್ಲು ನಂಗೆ ಸ್ವಲ್ಪ ಹಾಕು' ಅಂದ್ರು!"

ಮಲಗಿದೆ, ಮೆಲ್ಲಗೆ ಮಾತಾಡಿ

ಅರ್ಜಿ ಅಲ್ಲಿಗೇ ಕೈಬಿಟ್ಟೆವು. ಕೇಸು ಮುಂದುವರಿಯಿತು. ಸ್ಥಳ ಪರಿಶೀಲನೆ ಮಾಡಿ ವರದಿ ಕೊಡಿ ಅಂತ ಸಾಹೇಬರು ಒಬ್ಬ ಇನ್ಸ್‌ಪೆಕ್ಟರನ್ನು ಕಳಿಸಿದರು. ನಮ್ಮ ಕಡೆಯಿಂದ ನಾನು ಹೋದೆ.

ಇನ್ಸ್‌ಪೆಕ್ಟರ್ ದೊಡ್ಡ ಮೀಸೆಯ ಆಳು. ಊರೂರು ತಿರುಗಿ ಕಳ್ಳಭಟ್ಟಿ ಒಡೆದು ಬಂದವರು. ಕಣ್ಣುಗಳು ಕೆಂಪಗೆ ಊದಿಕೊಂಡಿದ್ದವು. ಜೀಪಿನಿಂದ ಇಳಿದವರೇ, "ಎಲ್ರೀ ಮಾಲು?" ಅಂತ ಗದರಿದರು.

ಪಂಡಿತರು ತುಟಿಯ ಮೇಲೆ ಬೆರಳಿಟ್ಟರು. "ಮೆಲ್ಲಗೆ. ಒಳಗೆ ಮಲಗಿದೆ."

"ಯಾರು?"

"ಅರಿಷ್ಟ. ಸದ್ದು ಮಾಡಿದ್ರೆ ಹುಳಿ ತಿರುಗುತ್ತೆ."

ಅಷ್ಟು ಜೋರಿನ ಮನುಷ್ಯ ಬೂಟು ಬಿಚ್ಚಿ ತುದಿಗಾಲಲ್ಲಿ ಒಳಗೆ ಬಂದರು. ಕೋಣೆ ತಂಪಾಗಿತ್ತು. ಮೇಲಿನ ಒಂದು ಗವಾಕ್ಷಿಯಿಂದ ಸಣ್ಣ ಬಿಸಿಲುಕೋಲು ಬಿದ್ದಿತ್ತು, ಅದರಲ್ಲಿ ಧೂಳು ಹೊಳೆಯುತ್ತ ಏಳುತ್ತ ಇಳಿಯುತ್ತ ಇತ್ತು. ಭತ್ತದ ಹೊಟ್ಟಿನಲ್ಲಿ ಸೊಂಟದವರೆಗೂ ಹೂತ ಭರಣಿಗಳು, ತಲೆಗೆ ಬಿಳಿ ಬಟ್ಟೆ ಕಟ್ಟಿಕೊಂಡು, ಕಣ್ಣು ಮುಚ್ಚಿ ಕೂತ ಮುದುಕಿಯರ ಹಾಗೆ ಕಾಣುತ್ತಿದ್ದವು.

"ಹುದುಗ್ತಾ ಇದೆ ಅಂತ ಹೇಗೆ ಗೊತ್ತಾಗುತ್ತೆ?" ಇನ್ಸ್‌ಪೆಕ್ಟರ್ ಪಿಸುಮಾತಿನಲ್ಲಿ ಕೇಳಿದರು.

"ಕಿವಿ ಇಟ್ಟು ನೋಡಿ" ಅಂದರು ಪಂಡಿತರು.

ಇನ್ಸ್‌ಪೆಕ್ಟರ್ ಹೊಟ್ಟಿನ ಮೇಲೆ ಕೂತು ಒಂದು ಭರಣಿಯನ್ನು ತಬ್ಬಿಕೊಂಡು ಕಿವಿ ಇಟ್ಟರು. ನಾನೂ ಪಕ್ಕದ ಭರಣಿಗೆ ಕಿವಿ ಇಟ್ಟೆ. ಒಳಗೆ ಏನೋ ಗುಳುಗುಳು ಅನ್ನುತ್ತಿತ್ತು. ಬಹಳ ದೂರದಲ್ಲಿ, ಗೋಡೆಯ ಆಚೆ, ನೆಂಟರೆಲ್ಲ ಸೇರಿ ಮೆಲುದನಿಯಲ್ಲಿ ಹಳೆಯ ಮಾತು ಆಡುತ್ತಿರುವ ಹಾಗೆ. ಕೇಳುತ್ತ ಕೇಳುತ್ತ ನಾನು ಯಾರ ಪರ ವಕೀಲೆ ಅನ್ನುವುದೂ ಮರೆತುಹೋಗುವಂತಿತ್ತು. ಪಕ್ಕಕ್ಕೆ ತಿರುಗಿದರೆ ಇನ್ಸ್‌ಪೆಕ್ಟರ್ ಅಲ್ಲಾಡುತ್ತಿಲ್ಲ. ಮೀಸೆ ಮಾತ್ರ ಉಸಿರಿಗೆ ಮೇಲೆ ಕೆಳಗೆ ಆಗುತ್ತಿದೆ.

"ಎಬ್ಬಿಸ್ಲಾ?" ಅಂದೆ.

"ಪಾಪ, ಮಲಗ್ಲಿ ಬಿಡಮ್ಮ. ನಿದ್ದೆಗೆಟ್ಟ ಮುಖ ಅದು" ಅಂದರು ಪಂಡಿತರು. ಅವರ ಹೆಂಡತಿ ಒಂದು ದಿಂಬು ತಂದು ಇನ್ಸ್‌ಪೆಕ್ಟರ ಬೆನ್ನಿಗೆ ಕೊಟ್ಟರು. ಊರಿನ ಉಕ್ಕಿನ ಫ್ಯಾಕ್ಟರಿಯ ಸೈರನ್ ಕೂಗಿದಾಗಲೇ ಅವರು ಎದ್ದದ್ದು. ಎದ್ದವರು ಮುಖ ತೊಳೆದು, ಇವರು ಕೊಟ್ಟ ಅವಲಕ್ಕಿ ತಿಂದು, ಗಂಭೀರವಾಗಿ ಪಂಚನಾಮೆ ಬರೆದುಕೊಂಡು ಹೋದರು.

ಮುಂದಿನ ವಿಚಾರಣೆಯಲ್ಲಿ ಸರ್ಕಾರಿ ವಕೀಲರು ಅದನ್ನು ಗಟ್ಟಿಯಾಗಿ ಓದಿದರು: "ಭರಣಿಗೆ ಕಿವಿಯಿಟ್ಟು ಪರಿಶೀಲಿಸಲಾಗಿ, ಒಳಗಿನಿಂದ ಅನೇಕ ಜನ ಮೆಲ್ಲಗೆ ಮಾತನಾಡುತ್ತಿರುವ ಶಬ್ದ ಬಹಳ ಹೊತ್ತು ಕೇಳಿಬಂದಿರುತ್ತದೆ. ಭಾಷೆ ತಿಳಿಯಲಿಲ್ಲ."

ಸಾಹೇಬರು ಬಿಸಿಲಿನಿಂದ ಕಣ್ಣು ಕಿತ್ತು ಇನ್ಸ್‌ಪೆಕ್ಟರ್ ಕಡೆ ನೋಡಿದರು. "ಭಾಷೆ ತಿಳಿದಿದ್ರೆ ಅವರನ್ನೂ ಸಾಕ್ಷಿ ಮಾಡ್ತಿದ್ರೇನ್ರೀ?"

ಒಂದು ಚಮಚದ ಗುತ್ತಿಗೆದಾರ

ಪಂಡಿತರ ಮೇಲೆ ಹೆಂಡದ ಕೇಸು ಆಗಿದೆ ಅನ್ನುವುದು ಅಷ್ಟರಲ್ಲಿ ಭದ್ರಾವತಿ ಪೂರ್ತಿ ಗೊತ್ತಾಗಿತ್ತು. ಕೆಲವರು ಅವರನ್ನು ಪೂಜೆಗೆ ಕರೆಯುವುದು ನಿಲ್ಲಿಸಿದರು. ಮೊದಲು ಮಾತಾಡಿಸದವರು ಕೆಲವರು ಬಲು ಪ್ರೀತಿಯಿಂದ ನಮಸ್ಕಾರ ಹಾಕತೊಡಗಿದರು. ಪಂಡಿತರಿಗೆ ಎರಡನೆಯವರೇ ಹೆಚ್ಚು ಕಷ್ಟ ಕೊಟ್ಟದ್ದು.

ನಾನು ಕೇಸಿನ ಕಾಗದಕ್ಕೆ ಸಹಿ ಹಾಕಿಸಲು ಹೋಗಿದ್ದಾಗ ಒಂದು ದಿನ ಮನೆ ಮುಂದೆ ದೊಡ್ಡ ಕಾರು ನಿಂತಿತು. ಇಳಿದದ್ದು ಸಾರಾಯಿ ಗುತ್ತಿಗೆದಾರ. ಬೆರಳು ತುಂಬ ಉಂಗುರ. ಒಬ್ಬ ಆಳಿನ ಕೈಲಿ ಹಣ್ಣಿನ ಬುಟ್ಟಿ ಹೊರಿಸಿಕೊಂಡು ಬಂದಿದ್ದ.

"ಪಂಡಿತ್ರೇ, ನಮ್ಮ ಲೈನಿಗೆ ನಿಮ್ಮಂಥ ವಿದ್ಯಾವಂತರು ಬರ್ತಿರೋದು ನಮಗೆ ಹೆಮ್ಮೆ" ಅಂದ. "ಇಲಾಖೆಯವರಿಗೆ ಹೆದರ್ಬೇಡಿ. ನಮ್ಮ ಸಂಘಕ್ಕೆ ಸೇರ್ಕೊಳ್ಳಿ. ನಾವೆಲ್ಲ ನಿಮ್ಮ ಬೆನ್ನಿಗಿದ್ದೀವಿ."

ಪಂಡಿತರ ಹೆಂಡತಿ ಅವನನ್ನೇ ದಿಟ್ಟಿಸಿ ಕೇಳಿದರು: "ಅಲ್ಲಪ್ಪ, ನಿನ್ನ ಮುಖ ಯಾಕೆ ಹಿಂಗೆ ಬಾಡಿದೆ? ಹೊಟ್ಟೆ ಸರಿ ಇಲ್ವಾ?"

ಆ ಮನುಷ್ಯನ ಜಬರದಸ್ತೆಲ್ಲ ಇಳಿದುಹೋಯಿತು. "ಏನು ಹೇಳ್ಲಿ ಅಮ್ಮ, ತಿಂದದ್ದು ಯಾವುದೂ ಅರಗಲ್ಲ" ಅಂತ ಅಲ್ಲೇ ಜಗಲಿ ಮೇಲೆ ಕುಸಿದು ಕೂತ. ಪಂಡಿತರು ತಮ್ಮ ದುಃಖ ಮರೆತರು. ನಾಡಿ ಹಿಡಿದರು, ಕಣ್ಣು ಬಿಡಿಸಿ ನೋಡಿದರು, ನಾಲಿಗೆ ಚಾಚು ಅಂದರು. ಒಳಗಿನಿಂದ ಒಂದು ಸೀಸೆ ತಂದು ಕೊಟ್ಟರು.

ಗುತ್ತಿಗೆದಾರ ಮುಚ್ಚಳ ತೆಗೆದು ಮೂಸಿ, ಕಣ್ಣರಳಿಸಿ, "ಎಷ್ಟು ಹಾಕ್ಕೋಬೇಕು?" ಅಂದ.

"ಒಂದು ಚಮಚ. ಅಷ್ಟೇ ನೀರು ಬೆರೆಸಿ. ಊಟ ಆದ್ಮೇಲೆ."

"ಒಂದು ಲೋಟ ಅಂದ್ರಾ?"

"ಒಂದು ಚಮಚ."

ಅವನು ಸೀಸೆಯನ್ನೂ ನೋಡಿದ, ಪಂಡಿತರನ್ನೂ ನೋಡಿದ, ಕರೀ ಕೋಟು ಹಾಕಿಕೊಂಡು ಕೂತ ನನ್ನನ್ನೂ ನೋಡಿದ. ಅವನ ಮುಖದ ಮೇಲೆ ನಿಜವಾದ ಮರುಕ ಮೂಡಿತು.

"ಒಂದು ಚಮಚಕ್ಕೆ ವಕೀಲರನ್ನ ಇಟ್ಕೊಂಡಿದ್ದೀರಾ ಪಂಡಿತ್ರೇ?"

ಮದ್ಯಸಾರ ಮಾಡಿದವರು ಯಾರು?

ಅರಿಷ್ಟದಲ್ಲಿ ಮದ್ಯಸಾರ ಇರುವುದು ನಿಜ ಅಂತ ಪ್ರಯೋಗಾಲಯದಿಂದ ವರದಿ ಬಂತು. ಸರ್ಕಾರಿ ವಕೀಲರು ಪಂಡಿತರನ್ನು ಪಾಟೀಸವಾಲಿಗೆ ಎಳೆದರು.

"ಇದರಲ್ಲಿರೋ ಮದ್ಯಸಾರ ನೀವು ಮಾಡಿದ್ದು ತಾನೇ?"

"ಅಲ್ಲ."

"ಮತ್ತೆ ಯಾರು ಮಾಡಿದ್ದು?"

"ಯಾರೂ ಮಾಡಿಲ್ಲ. ಅದಾಗಿದ್ದು."

"ಯಾರೂ ಮಾಡ್ದೆ ಹೇಗ್ರೀ ಆಗುತ್ತೆ?"

"ಮೊಸರು ಹೇಗೆ ಆಗುತ್ತೆ? ಹೆಪ್ಪು ಹಾಕ್ತಾರೆ, ಮುಚ್ಚಿಡ್ತಾರೆ, ಬಂದು ಮಲಗ್ತಾರೆ. ಆಗಿರುತ್ತೆ."

"ಮೊಸರಿನ ಮಾತು ಬೇಡ. ಭರಣಿಗೆ ದ್ರಾಕ್ಷಿ ಹಾಕಿದ್ದು ಯಾರು?"

"ನಾನು."

"ಬೆಲ್ಲ?"

"ನಾನು."

"ಬಾಯಿ ಕಟ್ಟಿದ್ದು?"

"ನಾನೇ."

"ಅದಾದ ಮೇಲೆ ಒಳಗೆ ಏನು ನಡೀತು?"

ಪಂಡಿತರು ಸ್ವಲ್ಪ ಯೋಚಿಸಿದರು. ಸುಳ್ಳು ಹೇಳಬಾರದೆಂಬ ಎಚ್ಚರ ಅವರ ಹಣೆಯ ಮೇಲೆ ಗೆರೆಯಾಗಿ ಕಾಣುತ್ತಿತ್ತು. "ಅದು ಹೇಗೆ ಹೇಳ್ಲಿ ಸ್ವಾಮಿ? ಬಾಯಿ ಕಟ್ಟಿತ್ತಲ್ಲ. ನಾನು ಹೊರಗಿದ್ದೆ."

ಸರ್ಕಾರಿ ವಕೀಲರಿಗೆ ರೇಗಿತು. "ನೀವೂ ಮಾಡಿಲ್ಲ, ಯಾರೂ ಮಾಡಿಲ್ಲ ಅಂದ್ರೆ ಇಲಾಖೆ ಯಾರ ಮೇಲೆ ಕೇಸು ಹಾಕ್ಬೇಕು?"

ಪಂಡಿತರು ಅಷ್ಟೇ ಶಾಂತವಾಗಿ, ನಿಜವಾಗಿಯೂ ನೆರವಾಗುವ ಆಸೆಯಿಂದ ಹೇಳಿದರು: "ಕಾಲದ ಮೇಲೆ ಹಾಕಿ. ಆಗೋದೆಲ್ಲ ಅವನಿಂದಲೇ ಆಗೋದು."

ಸಾಹೇಬರ ಮೇಜಿನ ಮೇಲೆ ಎಲೆಯ ನೆರಳು ಆಚೆ ಈಚೆ ತೂಗಿತು. ಎಲ್ಲರೂ ತಮ್ಮ ತಮ್ಮ ಬದುಕಿನಲ್ಲಿ ತಾವು ಮಾಡದೆ ಆಗಿಹೋದದ್ದನ್ನು ನೆನೆಸಿಕೊಳ್ಳುತ್ತಿದ್ದರೋ ಏನೋ. ಪೆನ್ನು ಹಿಡಿದು ಕಾಯುತ್ತಿದ್ದ ಗುಮಾಸ್ತರು ಸಣ್ಣ ದನಿಯಲ್ಲಿ ಕೇಳಿದರು:

"ಸಾರ್, ಕಾಲ ಅನ್ನೋರ ವಿಳಾಸ ಏನಂತ ಬರ್ಕೊಳ್ಲಿ?"

ಇಲಾಖೆಯ ಅನುಭವಿ ಸಾಕ್ಷಿ

ಕೊನೆಗೆ ಇಡೀ ಕೇಸು ಒಂದೇ ಪ್ರಶ್ನೆಗೆ ಬಂದು ನಿಂತಿತು. ಈ ಅರಿಷ್ಟವನ್ನು ಮಾಮೂಲಿ ಹೆಂಡದ ಹಾಗೆ ಕುಡಿದು ಅಮಲೇರಿಸಿಕೊಳ್ಳಲು ಆಗುತ್ತದೆಯೋ ಇಲ್ಲವೋ? ಆಗುತ್ತದೆ ಅಂದರೆ ಅದು ಮದ್ಯ, ಲೈಸೆನ್ಸು ಬೇಕು, ಇಲ್ಲದಿದ್ದರೆ ಭರಣಿ ಚೂರು. ಆಗುವುದಿಲ್ಲ ಅಂದರೆ ಅದು ಔಷಧಿ, ಪಂಡಿತರು ಮನೆಗೆ ಹೋಗಬಹುದು.

ಇಲಾಖೆಯವರು ಭದ್ರಾವತಿಯನ್ನೆಲ್ಲ ಜಾಲಾಡಿ ಒಬ್ಬ ಸಾಕ್ಷಿಯನ್ನು ಹಿಡಿದು ತಂದರು. ಫ್ಯಾಕ್ಟರಿಯಿಂದ ನಿವೃತ್ತನಾದವನು. ಕುಡಿತದಲ್ಲಿ ಊರಿಗೇ ಹೆಸರಾದವನು. ಬಾಟಲಿ ನೋಡದೆ ಬರೀ ವಾಸನೆಯಲ್ಲೇ ಬ್ರಾಂಡು ಹೇಳುತ್ತಾನೆ ಅಂತ ಪ್ರತೀತಿ. ಈಗ ಕೆಲವು ತಿಂಗಳಿಂದ ದಿನಾ ಪಂಡಿತರ ಮನೆಯಿಂದ ಅರಿಷ್ಟದ ಸೀಸೆ ಒಯ್ಯುತ್ತಿದ್ದ. ಇದಕ್ಕಿಂತ ಬೇರೆ ಸಾಕ್ಷಿ ಏನು ಬೇಕು? ಅವನು ಶಿವಮೊಗ್ಗದಲ್ಲಿ ದಾರಿ ತಪ್ಪಿ ಬೇರೆಲ್ಲಾದರೂ ನುಗ್ಗಿಬಿಟ್ಟಾನು ಅಂತ ಅವನ ಹೆಂಡತಿಯೂ ಜೊತೆಗೆ ಬಂದು ಬಾಗಿಲ ಹತ್ತಿರ ಬೆಂಚಿನ ಮೇಲೆ ಕೂತಿದ್ದಳು.

ಪಂಡಿತರು ನನ್ನ ಪಕ್ಕದಲ್ಲಿ ಬೆವರುತ್ತಿದ್ದರು. "ಎಲ್ಲ ಮುಗೀತು ಮಗೂ" ಅಂದರು. "ಮನೇಲಿ ಬೆಳಿಗ್ಗೆ ಭರಣಿಗೆಲ್ಲ ಅರಿಶಿನ ಕುಂಕುಮ ಹಚ್ಚಿ ಬಂದಿದ್ದೀನಿ."

ಸರ್ಕಾರಿ ವಕೀಲರು ಉತ್ಸಾಹದಿಂದ ಎದ್ದರು. "ಹೇಳಪ್ಪ, ನೀನು ಈ ಅರಿಷ್ಟ ಕುಡಿದಿದ್ದೀಯಾ?"

"ಕುಡಿದಿದೀನಿ ಸಾರ್. ದಿನಾ."

"ಚಮಚದಲ್ಲಾ?"

"ಚಮಚ ಎಲ್ಲಿಂದ ತರ್ಲಿ ಸಾರ್, ಬಾಟ್ಲಿ ಎತ್ತಿ ಹಂಗೇ."

ಸರ್ಕಾರಿ ವಕೀಲರು ಸಾಹೇಬರ ಕಡೆ ಗೆಲುವಿನ ನೋಟ ಬೀರಿದರು. "ಕುಡಿದ ಮೇಲೆ ಏನಾಗುತ್ತೆ, ಸಾಹೇಬ್ರಿಗೆ ಹೇಳು. ಹೆದರ್ಬೇಡ."

ಸಾಕ್ಷಿಯ ಮುಖ ಬಾಡಿತು. "ಏನೂ ಆಗಲ್ಲ ಸಾರ್."

"ಏನೂ ಆಗಲ್ವಾ? ತಲೆ ತಿರುಗಲ್ವಾ? ಕಾಲು ತೂರಾಡಲ್ವಾ?"

"ಅಯ್ಯೋ, ಅದಕ್ಕೇ ಅಲ್ವಾ ಸಾರ್ ಮೊದ್ಲು ತಗೊಂಡಿದ್ದು! ಒಂದು ಬಾಟ್ಲಿ ಕುಡಿದೆ, ಕಾದೆ. ಇನ್ನೊಂದು ಕುಡಿದೆ, ಕಾದೆ. ಏನ್ ಕಿಕ್ಕೂ ಇಲ್ಲ. ಕಷಾಯ ಸಾರ್ ಅದು. ಸಪ್ಪೆ. ನೀರು."

ನಮ್ಮ ಸೀನಿಯರ್ ಕಣ್ಣು ಮುಚ್ಚಿ ಕೈ ಮುಗಿದರು. ಗೆದ್ದೆವು ಅಂತ ನಾನು ಪಂಡಿತರ ಕಡೆ ತಿರುಗಿದೆ. ಕುರ್ಚಿ ಖಾಲಿ. ಪಂಡಿತರು ಎದ್ದು ನಿಂತಿದ್ದರು. ಮುಖ ಕೆಂಡವಾಗಿತ್ತು.

"ಸುಳ್ಳು!" ಅಂತ ಗುಡುಗಿದರು. "ಶುದ್ಧ ಸುಳ್ಳು! ಸಪ್ಪೆಯಂತೆ, ನೀರಂತೆ! ನಮ್ಮಜ್ಜನ ಕಾಲದಿಂದ ಬಂದ ಅರಿಷ್ಟದಲ್ಲಿ ಸತ್ವ ಇಲ್ಲ ಅಂತೀಯೇನೋ? ಸರಿಯಾಗಿ ಕುಡಿದ್ರೆ ಆನೆ ಮಲಗುತ್ತೆ, ಆನೆ!"

ಸೀನಿಯರ್ ಹಿಂದಿನಿಂದ ಅವರ ಶಾಲು ಹಿಡಿದು ಎಳೆದರು. ಶಾಲು ಕೈಗೆ ಬಂತು, ಪಂಡಿತರು ಬರಲಿಲ್ಲ. ಸರ್ಕಾರಿ ವಕೀಲರು ಹಾರಿ ಎದ್ದರು: "ಸಾರ್, ತಯಾರಕರೇ ಒಪ್ಪಿಕೊಂಡ್ರು! ಆನೆ ಮಲಗುತ್ತೆ ಅಂತ ದಾಖಲಾಗ್ಲಿ!"

ಸಾಹೇಬರು ನಮ್ಮ ಕಡೆ ನೋಡಿದರು. "ಏನು ಹೇಳ್ತೀರಿ?"

ಸೀನಿಯರ್ ಶಾಲನ್ನು ಮಡಚುತ್ತ ಎದ್ದರು. "ಮಲಗುತ್ತೆ ಅಂದ್ರು ಸ್ವಾಮಿ, ತೂರಾಡುತ್ತೆ ಅನ್ಲಿಲ್ಲ. ಅದೂ ಅಲ್ದೆ ಇಲಾಖೆಯವರು ಆನೆಯನ್ನು ಸಾಕ್ಷಿಗಳ ಪೈಕಿ ಸೇರಿಸಿಲ್ಲ."

"ಹಾಗಾದ್ರೆ ಈ ಸಾಕ್ಷಿಗೇ ಕೇಳ್ತೀನಿ" ಅಂದರು ಸಾಹೇಬರು. "ಅಲ್ಲಯ್ಯ, ಅಮಲು ಬರಲ್ಲ ಅಂತೀಯ. ಮತ್ತೆ ದಿನಾ ಯಾಕೆ ಕುಡೀತೀಯ?"

ಸಾಕ್ಷಿ ತಲೆ ಕೆರೆದುಕೊಂಡ. "ಅದು... ಕುಡಿದ್ರೆ ಹಸಿವಾಗುತ್ತೆ ಸಾರ್."

ಅವನು ಅಷ್ಟು ಹೇಳಿದ್ದೇ ತಡ, ಬಾಗಿಲ ಹತ್ತಿರ ಕೂತಿದ್ದ ಅವನ ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೇರ ಮೇಜಿನ ಹತ್ತಿರ ಬಂದಳು. ಪೇದೆ ತಡೆಯಲು ಹೋದ. ಒಂದು ಸಲ ನೋಡಿದಳು, ಅವನು ಸರಿದು ನಿಂತ.

"ಹಸಿವು ಅಂತಾನೆ ಸಾಮಿ, ಅದನ್ನ ನನ್ನ ಕೇಳಿ! ಬ್ರಾಂದಿ ಕುಡೀವಾಗ ಬಂದು ಮೂಲೇಲಿ ಬಿದ್ಕೊಳ್ಳೋನು. ಅನ್ನ ಬೇಡ, ಸಾರು ಬೇಡ. ನಾನು ಉಂಡು ನನ್ನ ಪಾಡಿಗೆ ಟೀವಿ ನೋಡ್ಕೊಂಡು ಇರ್ತಿದ್ದೆ. ಈ ಐನೋರ ಬಾಟ್ಲಿ ಮನೆಗೆ ಬಂದಿದ್ದೇ ಬಂದಿದ್ದು, ಒಲೆ ಆರಿಸೋ ಹಂಗಿಲ್ಲ! ಮಾಡಿದಷ್ಟೂ ಉಣ್ತಾನೆ. ಉಂಡು, ಸಾರಿಗೆ ಉಪ್ಪು ಕಮ್ಮಿ ಅಂತಾನೆ! ಮದುವೆ ಆದಾಗಿಂದ ಇವನು ನನ್ನ ಸಾರಿನ ಉಪ್ಪು ಕಂಡೋನಲ್ಲ ಸಾಮಿ, ಈಗ ಕಾಣಿಸ್ತಿದೆ! ಮಧ್ಯಾಹ್ನ ಉಂಡ ತಟ್ಟೆ ತೊಳೆಯೋದ್ರೊಳಗೆ ಬಂದು, ಸಂಜೆಗೆ ಏನು ಮಾಡ್ತೀಯ ಅಂತ ಪಕ್ಕದಲ್ಲಿ ಕೂತ್ಕೊಂತಾನೆ. ಪ್ರೀತಿಯಾಗಿ ಬೇರೆ ಮಾತಾಡ್ತಾನೆ!"

ಹೇಳುತ್ತ ಹೇಳುತ್ತ ಮುಖ ಬೇರೆ ಕಡೆ ತಿರುಗಿಸಿದಳು. ನಾಚಿಕೆಯೋ ಸಿಟ್ಟೋ ಗೊತ್ತಾಗಲಿಲ್ಲ. ಗಂಡ ನೆಲ ನೋಡುತ್ತ ಮೆಲ್ಲಗೆ ನಗುತ್ತಿದ್ದ. ಪಂಡಿತರ ಸಿಟ್ಟು ಎಲ್ಲಿ ಹೋಯಿತೋ, ಕಣ್ಣಲ್ಲಿ ನೀರು ತುಂಬಿತ್ತು. ತಮ್ಮ ಅರಿಷ್ಟಕ್ಕೆ ಇಂಥ ಹೊಗಳಿಕೆ ಅವರು ಜನ್ಮದಲ್ಲಿ ಕೇಳಿರಲಿಲ್ಲ.

ಸಾಹೇಬರು ಮತ್ತೆ ಮೇಜಿನ ಮೇಲಿನ ಬಿಸಿಲಿನ ಕಡೆ ನೋಡಿದರು. ಆಮೇಲೆ ನಿಧಾನವಾಗಿ, ಕನಸಿನಲ್ಲಿ ಮಾತಾಡುವವರ ಹಾಗೆ, ತೀರ್ಪು ಹೇಳಿ ಬರೆಸಿದರು: ಯಾವ ಪಾನೀಯ ಕುಡಿದ ಮನುಷ್ಯ ಮನೆಗೆ ಹೋಗಿ ಹೆಂಡತಿಯ ಪಕ್ಕ ಕೂತು ಎರಡನೇ ಸಲ ಅನ್ನ ಹಾಕಿಸಿಕೊಂಡು ಉಪ್ಪಿನ ರುಚಿ ಕಂಡುಹಿಡಿಯುತ್ತಾನೋ ಅದನ್ನು ಮದ್ಯ ಎನ್ನಲು ಬರುವುದಿಲ್ಲ. ಅದು ಔಷಧಿಯೇ. ಲೈಸೆನ್ಸು ಬೇಕಿಲ್ಲ.

ಪಂಡಿತರು ಎರಡೂ ಕೈ ಜೋಡಿಸಿದರು. ಸೀನಿಯರ್ ಶಾಲು ವಾಪಸು ಹೊದಿಸಿದರು. ಎಲ್ಲರೂ ಏಳುತ್ತಿದ್ದಾಗ ಸಾಕ್ಷಿಯ ಹೆಂಡತಿ ಮಾತ್ರ ಕದಲಲಿಲ್ಲ.

"ಇನ್ನೇನಮ್ಮ?" ಅಂದರು ಸಾಹೇಬರು. "ಕೇಸು ಮುಗೀತು. ಐನೋರು ಗೆದ್ರು."

"ಅವರು ಗೆದ್ರು, ನನ್ನ ಗತಿ?" ಅಂದಳು ಆಕೆ. "ಇನ್ಮೇಲೆ ದಿನಾ ಇವನಿಗೆ ಬೇಯಿಸಿ ಹಾಕೋರು ಯಾರು? ದಮ್ಮಯ್ಯ ಸಾಮಿ, ಐನೋರಿಗೆ ಒಂದು ಬ್ರಾಂದಿ ಲೈಸೆನ್ಸೂ ಕೊಟ್ಬಿಡಿ. ಹಬ್ಬಕ್ಕೊಂದು ದಿನಾನಾದ್ರೂ ನಂಗೆ ರಜಾ ಸಿಗ್ಲಿ!"